ತಂಗಿ ಕೇಳಿದ ಶಿಫಾರಸು



ಸೆಪ್ಟೆಂಬರ್ 8ರ ಹಬ್ಬಕ್ಕೆಂದು ದಾವಣಗೆರೆಯಿಂದ ಹರಿಹರದ ಆರೋಗ್ಯ ಮಾತೆಯ ಸನ್ನಿಧಿಗೆ ನೀವು ನಡೆದು ಹೋಗಿದ್ದರೆ ಆ ರಸ್ತೆಯ ಭಯ ನಿಮಗೆ ತಿಳಿದೇ ಇರುತ್ತದೆ. ಜಪಮಾಲೆ ಹಿಡಿದ ವೃದ್ಧೆಯರ ಮೊಣಕೈ ಸವರುವಂತೆ ವಾಹನಗಳು ನುಗ್ಗುತ್ತವೆ. ಒಂದು ವರ್ಷ ಹಾಗೆ ನಮ್ಮನ್ನು ಅಂಚಿಗೆ ದೂಡಿ ಹೋದ ಲಗೇಜ್ ಆಟೋ ನನ್ನ ತಂಗಿಯ ಮಗನದೇ ಆಗಿತ್ತು. ಕಿವಿಗೆ ಮೊಬೈಲ್ ಒತ್ತಿಕೊಂಡಿದ್ದವನು ಸೋದರಮಾವನನ್ನು ಕಾಣಲಿಲ್ಲ. ನಾನೂ ಯಾರಿಗೂ ಹೇಳಲಿಲ್ಲ.

ಮರುವರ್ಷ ತಂಗಿ ನೋಟಿಸ್ ಹಿಡಿದು ಬಂದಾಗ ಆ ಮೌನ ನನ್ನನ್ನು ಚುಚ್ಚಿತು. ಸಿಗ್ನಲ್ ದಾಟಿದ್ದಕ್ಕೆ, ಮೊಬೈಲ್ ಬಳಸಿದ್ದಕ್ಕೆ ಹುಡುಗ ಹಿಂದೆಲ್ಲ ದಂಡ ಕಟ್ಟಿ ರಸೀದಿಯನ್ನು ಕಿಸೆಗಿಳಿಸಿದ್ದ. ಡೀಸೆಲ್ಲಿನಂತೆ ಅದೂ ಅವನಿಗೊಂದು ಖರ್ಚು. ಈ ಸಲ ಪೊಲೀಸರು ಲೈಸೆನ್ಸನ್ನೇ ಪಡೆದು ಸಾರಿಗೆ ಅಧಿಕಾರಿಗೆ ಕಳುಹಿಸಿದ್ದರು.

"ಅಣ್ಣಾ, ನಿನಗೆ ಪರಿಚಯದವರಿದ್ದಾರಲ್ಲ, ಒಂದು ಮಾತು ಹೇಳು. ಆಟೋ ಸಾಲದ ಕಂತು ಇನ್ನೂ ತೀರಿಲ್ಲ" ಎಂದಳು.

ಅವಳ ಅಳಲು ಸುಳ್ಳಲ್ಲ. ಚಾಲಕನ ಲೈಸೆನ್ಸ್ ಹೋದರೆ ಮನೆಯ ಒಲೆಯೇ ಆರೀತು. ಆದರೆ ಕಾನೂನು ಕುರುಡಾಗಿಯೂ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 19ನೇ ಕಲಮಿನಂತೆ ಚಾಲಕನ ಅಹವಾಲು ಕೇಳದೆ ಆದೇಶ ಹೊರಡಿಸುವಂತಿಲ್ಲ. 30 ದಿನಗಳೊಳಗೆ ಮೇಲ್ಮನವಿಗೂ ಅವಕಾಶವುಂಟು. 2019ರ ತಿದ್ದುಪಡಿಯು ಅತಿವೇಗ, ಅಪಾಯಕಾರಿ ಚಾಲನೆ, ಕುಡಿದು ಓಡಿಸುವುದು ಮೊದಲಾದ ತಪ್ಪುಗಳಿಗೆ ಮೊದಲ ಸಲ 3 ತಿಂಗಳ ಅನರ್ಹತೆಯನ್ನೂ, ಮರುಕಳಿಸಿದರೆ ಲೈಸೆನ್ಸ್ ರದ್ದತಿಯನ್ನೂ ವಿಧಿಸಿದೆ. ಲೈಸೆನ್ಸ್ ನಾವು ಕೊಂಡ ಸ್ವತ್ತಲ್ಲ, ನಡೆದು ಹೋಗುವವರ ಜೀವದ ಮೇಲೆ ಕೊಟ್ಟ ಅನುಮತಿ. ಪರರ ಮಗನಾಗಿದ್ದರೆ "ರದ್ದು ಮಾಡಿ" ಎಂದು ನಾನೇ ಕೂಗುತ್ತಿದ್ದೆನಲ್ಲವೇ? ನೀವಾದರೂ ಬೇರೇನು ಹೇಳುತ್ತಿದ್ದಿರಿ?

ಶಿಫಾರಸು ಮಾಡಲಿಲ್ಲ. ಅಳಿಯನನ್ನು ಕೂರಿಸಿಕೊಂಡು ಆ ಹಬ್ಬದ ದಾರಿಯಲ್ಲಿ ಕಂಡದ್ದನ್ನು ಹೇಳಿದೆ. ಅವನು ಬಹಳ ಹೊತ್ತು ತಲೆಯೆತ್ತಲಿಲ್ಲ. "ಮಾಮಾ, ಅಲ್ಲಿ ನೀವಿದ್ದಿರಾ?" ಎಂದಷ್ಟೇ ಕೇಳಿದ. ಅಧಿಕಾರಿಯ ಮುಂದೆ ತಪ್ಪೊಪ್ಪಿಕೊಂಡ. 3 ತಿಂಗಳ ಆದೇಶವಾಯಿತು. ಲೈಸೆನ್ಸ್ ಇದ್ದ ಗೆಳೆಯನೊಬ್ಬನಿಗೆ ಆಟೋವನ್ನು ಬಾಡಿಗೆಗೆ ಕೊಡಿಸಿದೆವು. ಕಂತು ಹೇಗೋ ಸಾಗಿತು. ಸಾಲದಿದ್ದುದನ್ನು ನಾನು ತುಂಬಿದೆ. ಶಿಫಾರಸಿಗಿಂತ ಅದು ದುಬಾರಿಯಾಯಿತೆಂಬುದೂ ನಿಜ.

ತಂಗಿ ಕೆಲವು ವಾರ ನನ್ನೊಡನೆ ಮಾತಾಡಲಿಲ್ಲ. ಆದರೂ ಆ ಸೆಪ್ಟೆಂಬರಿನಲ್ಲಿ ಮಗನೊಡನೆ ಪಾದಯಾತ್ರೆಗೆ ಬಂದಳು. ಹಿಂದಿನಿಂದ ಹಾರನ್ ಕೇಳಿದಾಗಲೆಲ್ಲ ಅವನು ತಾಯಿಯ ತೋಳು ಹಿಡಿದು ಅಂಚಿಗೆ ಸರಿಸಿ, ತಾನು ರಸ್ತೆಯ ಬದಿಗೆ ಬರುತ್ತಿದ್ದ.