ಎಡಗಡೆಯ ವೆಲ್ಡಿಂಗ್

8-7-2024, ಸೋಮವಾರ
ರಾಜಗೋಪಾಲನಗರ

ಭಾವನ ಶೆಡ್ಡಿನ 20 ಟನ್ ಪವರ್ ಪ್ರೆಸ್ಸಿನಲ್ಲಿ, ಬಾಡಿಯ ಬಾಗಿನ ಎಡಗಡೆ ವೆಲ್ಡಿಂಗ್ ಅಂಚಿಗೆ ಕೂದಲೆಳೆಯಂಥ ಗೆರೆ. ಕೆಂಪು ಪೆನಟ್ರೆಂಟ್ ಹಚ್ಚಿ ನೋಡಿದೆವು, ಬಿರುಕೇ. ಆದರೆ ಹಳೆಯದೋ, ಈಗಲೂ ಬೆಳೆಯುತ್ತಿದೆಯೋ? ಅದನ್ನು ಬಣ್ಣ ಹೇಳುವುದಿಲ್ಲ. ಆ ಪ್ರೆಸ್ಸಿಗೆ ಕೂರುವ ಯಾದಗಿರಿ ಹುಡುಗನ ಬೆರಳುಗಳು ದಿನವಿಡೀ ಡೈ ಪಕ್ಕದಲ್ಲೇ ಆಡುತ್ತಿರುತ್ತವೆ. ನನಗೆ ನಿದ್ದೆ ಬರಲಿಲ್ಲ.

ಬಿರುಕು ಬೆಳೆಯುವಾಗ ಲೋಹ ಸದ್ದು ಮಾಡುತ್ತದೆ, ನಮ್ಮ ಕಿವಿಗೆ ನಿಲುಕದಷ್ಟು ಕೀಚಲಾಗಿ. ಲ್ಯಾಬಿನಲ್ಲಿ ಕೇಳಿಕೊಂಡು 150 ಕಿಲೋಹರ್ಟ್ಸ್‌ನ ಎರಡು ಸೆನ್ಸರ್ ತಂದಿದ್ದೇನೆ.

10-7-2024, ಬುಧವಾರ

ಗ್ರೀಸ್ ಹಚ್ಚಿ ಸೆನ್ಸರ್ ಕೂರಿಸಿದೆ. ಪಕ್ಕದ ಶೆಡ್ಡಿನ ಪ್ರೆಸ್ ಏಟು ಹಾಕಿದಾಗೆಲ್ಲ ನೆಲ ಅದುರಿ, ನಮ್ಮ ಪ್ರೆಸ್ಸಿನ ರ್‍ಯಾಮ್ ಗೈಡಿನಲ್ಲಿ ಉಜ್ಜುತ್ತದೆ. ಪರದೆ ತುಂಬ ಅದೇ ಗದ್ದಲ. ಭಾನುವಾರ ಮಾಡೋಣ ಎಂದರು ಭಾವ. ಅಷ್ಟರಲ್ಲಿ ನಮ್ಮ ಪ್ರೆಸ್ ಇನ್ನೆಷ್ಟು ಸಾವಿರ ಏಟು ಹೊಡೆದಿರುತ್ತದೋ!

ಅದಕ್ಕೇ ಎರಡನೆಯ ಸೆನ್ಸರ್. ಗದ್ದಲವನ್ನು ಅದು ಬೇರೆಯಾಗಿ ಕೇಳುತ್ತದೆ. ಗದ್ದಲ ವೆಲ್ಡಿಂಗ್ ತಲುಪುವಾಗ ಹೇಗೆ ಬದಲಾಗುತ್ತದೆ ಎಂದು ಫಿಲ್ಟರ್ ತಾನೇ ಕಲಿತು, ಅಷ್ಟನ್ನು ಕಳೆಯುತ್ತದೆ. 1960ರಲ್ಲಿ ವಿಡ್ರೋ ಮತ್ತು ಹಾಫ್ ಕೊಟ್ಟ ಎಲ್‌ಎಂಎಸ್ ಸೂತ್ರ. ಇಷ್ಟು ಸರಳ ಲೆಕ್ಕ ಇಷ್ಟು ಕೆಲಸ ಮಾಡುವುದು ನನಗೆ ಇಂದಿಗೂ ಬೆರಗು.

ಇವತ್ತು ಮಾತ್ರ ಸೋತೆ. ಬಿರುಕಿನ ಪಕ್ಕ 0.5 ಮಿ.ಮೀ. ಪೆನ್ಸಿಲ್ ಲೆಡ್ ಒತ್ತಿ ಮುರಿದೆ. ಸೆನ್ಸರ್ ಪರೀಕ್ಷಿಸಲು ಎಲ್ಲರೂ ಮಾಡುವುದು ಹೀಗೆಯೇ. ಗದ್ದಲದ ಜೊತೆ ಆ ಸದ್ದೂ ಮಾಯ! ಎರಡನೆಯ ಸೆನ್ಸರನ್ನು ತೀರಾ ಹತ್ತಿರ ಇಟ್ಟಿದ್ದೆ. ಲೆಡ್ ಮುರಿದದ್ದು ಅದಕ್ಕೂ ಕೇಳಿಸಿತು, ಫಿಲ್ಟರ್ ಅದನ್ನೂ ಗದ್ದಲವೆಂದೇ ಕಳೆಯಿತು. ಆ ಸೆನ್ಸರನ್ನು ಗೈಡಿನ ಆಚೆ ಬದಿಗೆ ಒಯ್ದೆ. ಫಿಲ್ಟರ್ ಕಲಿಯುವ ವೇಗವನ್ನೂ ತಗ್ಗಿಸಿದೆ. ರಾತ್ರಿ ಎಂಟಕ್ಕೆ ಲೆಡ್ ಮುರಿದದ್ದು ಸ್ವಚ್ಛವಾಗಿ ಕಂಡಿತು.

12-7-2024, ಶುಕ್ರವಾರ

ಮೋಟರ್ ನಿಲ್ಲಿಸಿ, ರ್‍ಯಾಮಿನ ಕೆಳಗೆ ಗೇಜ್ ಇರುವ ಹೈಡ್ರಾಲಿಕ್ ಜಾಕ್ ಇಟ್ಟು ಒಂದೊಂದೇ ಟನ್ ಏರಿಸಿದೆವು. ಒಮ್ಮೆ ಭಾರ ಹೊತ್ತ ಲೋಹ, ಆ ಭಾರ ಮೀರುವತನಕ ಮತ್ತೆ ಸದ್ದು ಮಾಡುವುದಿಲ್ಲ ಎಂದು ಯೋಸೆಫ್ ಕೈಸರ್ 1950ರಲ್ಲಿ ಮ್ಯೂನಿಕ್‌ನಲ್ಲಿ ಬರೆದ ಪ್ರಬಂಧದಲ್ಲಿದೆ. ಈ ಬಾಡಿ ದಿನಾ 15 ಟನ್ನಿಗೂ ಹೆಚ್ಚು ಹೊತ್ತಿದೆ. ಅಲ್ಲಿಯತನಕ ಸುಮ್ಮನಿರಬೇಕಿತ್ತು. ಹನ್ನೊಂದು ಟನ್ನಿಗೇ ಎಡಗಡೆ ಸದ್ದು ಶುರುವಾಯಿತು. ಇಳಿಸಿ ಮತ್ತೆ ಏರಿಸಿದೆವು, ಮತ್ತೆ ಹನ್ನೊಂದಕ್ಕೇ. ಭಾರ ಹಿಡಿದು ನಿಲ್ಲಿಸಿದರೂ ಬಿಟ್ಟು ಬಿಟ್ಟು ಬರುತ್ತಲೇ ಇತ್ತು.

ಆ ಸದ್ದನ್ನು ನೂರು ಪಟ್ಟು ನಿಧಾನ ಮಾಡಿ ಭಾವನಿಗೆ ಹೆಡ್‌ಫೋನ್ ಕೊಟ್ಟೆ. ಟಿಕ್. ಟಿಕ್ ಟಿಕ್. ಕೆಜಿಎಫ್‌ನ ತಾತ ನೆನಪಾದರು. ಅಲ್ಲಿನ ಚಾಂಪಿಯನ್ ರೀಫ್‌ನಲ್ಲಿ 3 ಕಿಲೋಮೀಟರಿಗೂ ಆಳದಲ್ಲಿ ಗಣಿ ಕೆಲಸ ನಡೆದಿತ್ತು. ಬಂಡೆ ಸಿಡಿಯುವುದಕ್ಕೆ ಅಲ್ಲಿನವರು ಏರ್‌ಬ್ಲಾಸ್ಟ್ ಎನ್ನುತ್ತಿದ್ದರು. ‘ಬಂಡೆ ಚಟಪಟ ಅಂದ್ರೆ ಅಲ್ಲಿ ನಿಲ್ಲಬಾರದು ಮಗಾ’ ಎಂದು ತಾತ ಹೇಳುತ್ತಿದ್ದರು.

ಭಾವ ಮಾತಾಡದೆ ಎದ್ದುಹೋಗಿ ಪ್ರೆಸ್ಸಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡರು. ನಾಳೆ ವೆಲ್ಡರ್ ಬರುತ್ತಾನೆ, ಬಿರುಕಿನ ಬುಡದವರೆಗೂ ಗ್ರೈಂಡ್ ಮಾಡಬೇಕು. ಆಮೇಲೆ ಮತ್ತೆ ಜಾಕ್. ಸೆನ್ಸರ್ ಇನ್ನೊಂದು ವಾರ ಇಟ್ಟುಕೊಳ್ಳಲು ಕೇಳಿದ್ದೇನೆ.