ಮೌಸ್ ಹಿಡಿದ ಕೈ

ಕಂಪ್ಯೂಟರ್ ಮುಂದೆ ಕೂತವರ ಕೈ ನೋಡಿ ಅವರ ವಿದ್ಯೆ ಅಳೆಯುವ ಚಟ ನನಗಿದೆ. ಲಿಂಕ್ ಮೇಲೂ ಡಬಲ್ ಕ್ಲಿಕ್ ಮಾಡುವವರು, ಒಂದೇ ಒಂದು ದೊಡ್ಡಕ್ಷರಕ್ಕೆ ಕ್ಯಾಪ್ಸ್ ಲಾಕ್ ಹಾಕಿ ತೆಗೆಯುವವರು, ಶೀರ್ಷಿಕೆ ನಡುವಿಗೆ ಬರಲೆಂದು ಸ್ಪೇಸ್ ಬಾರ್ ಕುಟ್ಟುವವರು ಕಂಡರೆ ಮನಸ್ಸು ಅಂಕ ಕಳೆಯುತ್ತದೆ. ಕಂಟ್ರೋಲ್ ಸಿ, ಕಂಟ್ರೋಲ್ ವಿ ಗೊತ್ತಿದ್ದವರು ಪಾಸು.

ಆದರೆ ಕೈಚಳಕವನ್ನು ಪೂರ್ತಿ ನೆಚ್ಚುವಂತಿಲ್ಲ. ಡೆಸ್ಕ್‌ಟಾಪಿನಲ್ಲಿ ರೈಟ್ ಕ್ಲಿಕ್ ಮಾಡಿ ಟಪಟಪನೆ ರಿಫ್ರೆಶ್ ಒತ್ತುವವರಲ್ಲಿ ಇಂಜಿನಿಯರುಗಳೂ ಇದ್ದಾರೆ. ಅದರಿಂದ ಮೆಮೊರಿ ಖಾಲಿಯಾಗದು, ಯಂತ್ರ ಚುರುಕಾಗದು; ಐಕಾನುಗಳು ಇನ್ನೊಮ್ಮೆ ಮೂಡುತ್ತವೆ, ಅಷ್ಟೆ. 1990ರಲ್ಲಿ ವಿಂಡೋಸ್ 3.0 ಜತೆ ಬಂದ ಸಾಲಿಟೇರ್ ಎಷ್ಟೋ ಜನರಿಗೆ ಮೌಸ್ ಪಳಗಿಸಿತು. ಕಚೇರಿಯಲ್ಲಿ ಕದ್ದು ಇಸ್ಪೀಟು ಆಡಿದವರು ಎಲೆ ಎಳೆದು ಹಾಕುವ ಚೆಂದವೇ ಚೆಂದ. ಫೈಲ್ ಎಲ್ಲಿ ಸೇವ್ ಆಯಿತೆಂದು ಮಾತ್ರ ಅವರನ್ನು ಕೇಳಬಾರದು.

ವಿದ್ಯೆ ಗೊತ್ತಾಗುವುದು ಯಂತ್ರ ಮುನಿಸಿಕೊಂಡಾಗ. ನಾನು ಹೋಗುವ ಡಿಟಿಪಿ ಅಂಗಡಿಯಾಕೆಯ ಕಣ್ಣು ಹಸ್ತಪ್ರತಿ ಬಿಟ್ಟು ಕದಲುವುದಿಲ್ಲ. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ. ಒತ್ತಕ್ಷರ ಬಂದರೆ ಎಡಗೈ ತೋರುಬೆರಳು ತಾನಾಗಿ ಎಫ್ ಒತ್ತುತ್ತದೆ. ಹಾಗಿದ್ದೂ ಶೀರ್ಷಿಕೆಗೆ ಆಕೆಯದೂ ಸ್ಪೇಸ್ ಬಾರೇ! ಒಮ್ಮೆ ಮೇಷ್ಟ್ರೊಬ್ಬರು ಪೆನ್‌ಡ್ರೈವಿನಲ್ಲಿ ಲೇಖನ ತಂದರು. ತೆರೆದರೆ ಕನ್ನಡವೇ ಇಲ್ಲ, ಕೊಂಬು ಬಾಲ ಹಚ್ಚಿಕೊಂಡ ಇಂಗ್ಲಿಷ್ ಅಕ್ಷರಗಳು. "ವೈರಸ್ ಬಂತು, ಎಲ್ಲ ಹೋಯ್ತು" ಎಂದು ಮೇಷ್ಟ್ರು ತಲೆ ಮೇಲೆ ಕೈ ಹೊತ್ತರು. ಆಕೆ ಏನನ್ನೂ ಮುಟ್ಟದೆ ಫಾಂಟಿನ ಹೆಸರು ಓದಿದಳು. "ಏನೂ ಹೋಗಿಲ್ಲ ಸಾರ್, ಈ ಫಾಂಟ್ ನಮ್ಮಲ್ಲಿಲ್ಲ." ಹಳೆಯ ಫಾಂಟುಗಳು ಕನ್ನಡದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು, ಫಾಂಟ್ ಇಲ್ಲದಿದ್ದರೆ ಅಡಿಯಲ್ಲಿದ್ದದ್ದು ಮೇಲೆ ಬರುತ್ತದೆ. ಆ ಫಾಂಟ್ ಹಾಕಿದ್ದೇ ತಡ, ಲೇಖನ ಇದ್ದಲ್ಲೇ ಇತ್ತು.

ನೋಡಿ, ಆಮೇಲೆ ಮುಟ್ಟುವುದು: ಬಲ್ಲವರ ಗುರುತು ಇಷ್ಟೇ. ಉಳಿದವರು ಎರರ್ ಬಂದೊಡನೆ ಓಕೆ ಒತ್ತಿ ಫೋನ್ ಮಾಡುತ್ತಾರೆ. "ಏನಂತ ಬಂತು?" ಎಂದರೆ, "ಅದೇನೋ ಇಂಗ್ಲಿಷಲ್ಲಿ ಬಂತು, ಹೋಯ್ತು." ಆದರೆ ಇಂಗ್ಲಿಷ್ ಬಲ್ಲವರಿಗೂ ಆ ಸಂದೇಶಗಳು ಎಷ್ಟೋ ಸಲ ಅರ್ಥವಾಗುವುದಿಲ್ಲ. ಓದಲಿಲ್ಲವೆಂದು ಇವರ ಅಂಕ ಕಳೆಯುವ ಮೊದಲು, ಹಾಗೆ ಬರೆದವರ ಅಂಕವನ್ನೂ ಕಳೆಯುವುದು ನ್ಯಾಯ.