ಮೇಯೋ ಹಾಲ್ ಮೆಟ್ಟಿಲು

ಬಹಳ ದಿನದಿಂದ ಇದನ್ನು ಬರೆಯಬೇಕು ಅಂದ್ಕೊಂಡು ಮುಂದೂಡುತ್ತಲೇ ಬಂದೆ. ನಾಚಿಕೆ ಇತ್ತು, ನಿಜ.

ಕೆ.ಆರ್. ಪುರದ ಗೋಡೌನ್ ಒಂದರಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೆ. 2024ರ ಆಗಸ್ಟಿನಲ್ಲಿ ಸ್ಟಾಕ್ ತಾಳೆ ನೋಡಿದಾಗ ಮಾಲು ಕಡಿಮೆ ಬಂತು. ಬೀಗದ ಕೈ ಇದ್ದದ್ದು ಮೂವರ ಹತ್ತಿರ, ದೂರಿನಲ್ಲಿ ಬರೆದದ್ದು ನನ್ನೊಬ್ಬನ ಹೆಸರು. ಸಂಜೆ ಸ್ಟೇಷನ್ನಿನಿಂದ ಫೋನು: "ಸುಮ್ನೆ ಬಂದು ಒಂದು ಸೈನ್ ಹಾಕಿ ಹೋಗ್ರಿ." ನಾನು ಹೊರಟೇ ಬಿಟ್ಟಿದ್ದೆ! ತಪ್ಪು ಮಾಡದವನಿಗೆ ವಕೀಲರು ಯಾಕೆ, ಹಿಡಿದರೆ ಕಳ್ಳ ಅಂತ ನಾನೇ ಒಪ್ಪಿಕೊಂಡ ಹಾಗಲ್ಲವೇ ಅನ್ನೋದು ನನ್ನ ಲೆಕ್ಕ. ಹೆಂಡತಿ ವಾದ ಮಾಡಲಿಲ್ಲ. ನನ್ನ ಚಪ್ಪಲಿ ತೆಗೆದು ಒಳಗಿಟ್ಟಳು, ಅಷ್ಟೇ.

ಹಲಸೂರಿನ ಸೋದರಮಾವನಿಗೆ ಶಿವಾಜಿನಗರದ ವಕೀಲರೊಬ್ಬರ ಪರಿಚಯ. ಅವರು ಸೈಟು, ಬಾಡಿಗೆ ಕೇಸುಗಳವರು. "ನಂದಲ್ಲಪ್ಪ, ಕ್ರಿಮಿನಲ್ ಮಾಡೋರ ಹತ್ರ ಹೋಗು" ಅಂತ ಇನ್ನೊಬ್ಬರ ಹೆಸರು ಕೊಟ್ಟರು. ಮಾರನೇ ದಿನ ಮೇಯೋ ಹಾಲ್ ಕೋರ್ಟು. 1872ರಲ್ಲಿ ಅಂಡಮಾನಿನಲ್ಲಿ ಖೈದಿಯೊಬ್ಬನ ಕೈಯಲ್ಲಿ ಕೊಲೆಯಾದ ವೈಸರಾಯ್ ಮೇಯೋ ಹೆಸರಿನ ಜಾಗ, ಈಗ ಅಲ್ಲಿ ನಮ್ಮಂಥ ಆರೋಪಿಗಳದೇ ಜಾತ್ರೆ ನೋಡಿ!

ಗೇಟಿನಲ್ಲೇ ಕಪ್ಪು ಕೋಟಿನವರೊಬ್ಬರು "ಬೇಲಾ ಸಾರ್? ಗ್ಯಾರಂಟಿ" ಅಂದರು. ನಮ್ಮ ವಕೀಲಮ್ಮ ಗ್ಯಾರಂಟಿ ಅನ್ನಲೇ ಇಲ್ಲ. "ಏನಾದ್ರೂ ಸೈನ್ ಹಾಕಿದ್ದೀರಾ?" ಅಂದರು. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಹಾಕಿಸಿಕೊಳ್ಳುವ ಹಾಗೇ ಇಲ್ಲವಂತೆ! ಬಂಧನ ಬೇಡ ಅನ್ನಿಸಿದ ಕಡೆ, 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 35(3)ರಲ್ಲಿ ನೋಟಿಸ್ ಕೊಟ್ಟು ಕರೆಯಬೇಕು. ನೋಟಿಸ್ ಬಂದ ಮೇಲೆ ಮಾತ್ರ ತಪ್ಪಿಸಬಾರದು. ಬಂಧಿಸಿದರೂ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರು ಮಾಡಬೇಕು. ನಮಗೆ ಬೇಕಾದ ವಕೀಲರನ್ನು ಕಾಣುವ ಹಕ್ಕು ಸಂವಿಧಾನದ 22ನೇ ವಿಧಿಯಲ್ಲೇ ಇದೆ.

ಆಮೇಲೆ ನೇರವಾಗಿ, "ತೆಗೆದಿದ್ದೀರಾ?" ಸಿಟ್ಟು ಬಂತು. "ನನಗೆ ಹೇಳಿದ್ದು ನನ್ನಲ್ಲೇ ಇರುತ್ತೆ" ಅಂದರು. ತೆಗೆದಿರಲಿಲ್ಲ. ಆದರೆ ಒಂದು ರಾತ್ರಿ ರಿಜಿಸ್ಟರಿನಲ್ಲಿ ಬರೆಯದೆ ನನ್ನ ಬೀಗದ ಕೈಯನ್ನು ಬೇರೊಬ್ಬನಿಗೆ ಕೊಟ್ಟಿದ್ದೆ. ಹೆಂಡತಿಗೂ ಹೇಳಿರಲಿಲ್ಲ. ಅವಳು ಪಕ್ಕದಲ್ಲೇ ಕೂತಿದ್ದಳು...

ಬೇಲಿಗೆ ಇಷ್ಟು, ವಿಚಾರಣೆಗೆ ಇಷ್ಟು ಅಂತ ಫೀಸು ಚೀಟಿಯಲ್ಲಿ ಬರೆದು ಕೊಟ್ಟರು. ಬಳೆ ಅಡವಿಗೆ ಹೋಯಿತು. (ಕಸ್ಟಡಿಯಲ್ಲಿರುವವರಿಗೆ ಆದಾಯ ನೋಡದೆ ಸರ್ಕಾರದ್ದೇ ಉಚಿತ ವಕೀಲರು ಸಿಗುತ್ತಾರೆ, ಕಾನೂನು ಸೇವೆಗಳ ನಂಬರ್ 15100. ಬರೆದಿಟ್ಟುಕೊಳ್ಳಿ.)

ವಾರದಲ್ಲಿ ನೋಟಿಸ್ ಬಂತು. ವಕೀಲಮ್ಮನೂ ಜೊತೆಗೆ ಬಂದರು. ನಾಲ್ಕು ಗಂಟೆ ಬೆಂಚಿನ ಮೇಲೆ ಕೂತು, ಬೀಗದ ಕೈ ವಿಷಯ ಇದ್ದದ್ದು ಇದ್ದ ಹಾಗೆ ಹೇಳಿ ಮನೆಗೆ ಬಂದೆ.

ಕೇಸು ಇನ್ನೂ ಮುಗಿದಿಲ್ಲ. ಬಳೆಯನ್ನೂ ಬಿಡಿಸಿಲ್ಲ. ಬರುವ ವಾರ ಮತ್ತೆ ತಾರೀಕು.